'ಚಂದ್ರಕಾಂತಾ': ಓದುಗರನ್ನು ಹುಟ್ಟಿಸಿದ ಕಾದಂಬರಿ

ದೇವಕೀನಂದನ ಖತ್ರಿ (1861–1913) ಬಿಹಾರದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದವರು. ಚಕಿಯಾ, ನೌಗಢದ ಕಾಡುಗಳ ಗುತ್ತಿಗೆ ಹಿಡಿದಿದ್ದಾಗ ಅಲ್ಲಿನ ಪಾಳುಕೋಟೆ, ಗುಹೆಗಳನ್ನು ಸುತ್ತಿದ್ದರು. ಗುತ್ತಿಗೆ ಹೋಯಿತು, ಕಂಡದ್ದು ಕಥೆಯಾಯಿತು. 19ನೆಯ ಶತಮಾನದ ಕೊನೆಗೆ ಬಂದ ಹಿಂದಿಯ 'ಚಂದ್ರಕಾಂತಾ' ಆ ಮಾಯಾಕಥಾಮಾಲೆಯ ಮೊದಲ ಕಾದಂಬರಿ. ಮುಂದಿನದು 24 ಭಾಗಗಳ 'ಚಂದ್ರಕಾಂತಾ ಸಂತತಿ'. ಆಮೇಲೆ 'ಭೂತನಾಥ', ಅದನ್ನು ಪೂರ್ತಿ ಮಾಡಿದವರು ಮಗ ದುರ್ಗಾಪ್ರಸಾದ.

ನೌಗಢದ ರಾಜಕುಮಾರ ವೀರೇಂದ್ರಸಿಂಹನಿಗೂ ವಿಜಯಗಢದ ಚಂದ್ರಕಾಂತೆಗೂ ಪ್ರೇಮ. ಅಡ್ಡ ಬರುವವನು ದಿವಾನರ ಮಗ ಕ್ರೂರಸಿಂಹ, ಹೆಸರೇ ಸಾಕು! ಆದರೆ ನಮ್ಮನ್ನು ಹಿಡಿದು ಕೂರಿಸುವವರು ಐಯಾರರು. ವೇಷ ಬದಲಿಸಿ, ಮತ್ತು ಬರಿಸುವ ಮದ್ದಿಟ್ಟು, ಶತ್ರುವನ್ನು ಗಂಟು ಕಟ್ಟಿ ಹೊತ್ತೊಯ್ಯುವ ಗೂಢಚಾರರು. ರಾಜಕುಮಾರಿಯ ಗೆಳತಿ ಚಪಲಾ ಈ ವಿದ್ಯೆಯಲ್ಲಿ ಗಂಡಸರಿಗೇನೂ ಕಡಿಮೆಯಿಲ್ಲ. ಇನ್ನು 'ತಿಲಿಸ್ಮ್' ಎಂದರೆ ಯಂತ್ರಮಾಯೆಗಳಿಂದ ಬಿಗಿದ ನಿಧಿಸ್ಥಾನ. ಯಾರ ಹೆಸರಿಗೆ ಬರೆದಿದೆಯೋ ಅವರೇ ಅದನ್ನು ಒಡೆಯಬೇಕು.

ಇದನ್ನು ಸಾಹಿತ್ಯದ ಸಾಲಿಗೆ ಸೇರಿಸಲೊಪ್ಪದ ವಿಮರ್ಶಕ ರಾಮಚಂದ್ರ ಶುಕ್ಲರೂ, ಉರ್ದು ಮಾತ್ರ ಬಲ್ಲ ಎಷ್ಟೋ ಜನ ಇದಕ್ಕಾಗಿಯೇ ಹಿಂದಿ ಕಲಿತರೆಂದು ಒಪ್ಪಿದ್ದಾರೆ. ನಮ್ಮಲ್ಲಿ ಗಳಗನಾಥರು ಪುಸ್ತಕ ಹೊತ್ತು ಊರೂರು ತಿರುಗಿ ಕನ್ನಡದ ಓದುಗರನ್ನು ಬೆಳೆಸಿದರು.

ನಮ್ಮ ಗಡಿಯೂರುಗಳಲ್ಲಿ ಮನೆಯಲ್ಲಿ ಕನ್ನಡವಾಡಿ, ಓದಿಗೆ ಮರಾಠಿ, ತೆಲುಗು, ತಮಿಳು, ಮಲಯಾಳವನ್ನೇ ಹಿಡಿಯುವ ಮಕ್ಕಳಿದ್ದಾರೆ. ಅವರ ಕೈಗೆ ನಾವು ಇಡುವುದು ಬರೀ ಅಕ್ಷರಮಾಲೆಯ ಪಟ, ಅದೂ ನವೆಂಬರಿನಲ್ಲಿ. ಮುಂದಿನ ಸಭೆಗೆ ಬರುವ ಸದಸ್ಯರು ಚಿಕ್ಕಂದಿನಲ್ಲಿ ನಿದ್ದೆಗೆಟ್ಟು ಓದಿದ ಒಂದೊಂದು ಕನ್ನಡ ಪುಸ್ತಕವನ್ನು, ಪತ್ತೇದಾರಿಯಾದರೂ ಸರಿ, ತರಬೇಕಾಗಿ ಕೋರುತ್ತೇವೆ.