ಮುಳ್ಳು ತಿರುಗಿಸುವ ಎರಡು ಬಗೆ: ಜನತಾ ವಾಚು ಮತ್ತು ಕ್ವಾರ್ಟ್ಸ್ ವಾಚು

ಕೊಳ್ಳೇಗಾಲ, ಹನೂರು, ಯಳಂದೂರು: ಈ ಮೂರು ಊರುಗಳಿಗೂ ರೈಲಿಲ್ಲ. ಪ್ರಯಾಣವೆಂದರೆ ಬಸ್ಸು, ಬಸ್ಸೆಂದರೆ ಕೈಯಲ್ಲೊಂದು ವಾಚು. ಇಲ್ಲಿನ ಅನೇಕ ಮನೆಗಳಲ್ಲಿ ಎರಡು ಬಗೆಯ ವಾಚುಗಳಿವೆ. ಒಂದು ಹಿರಿಯರು ಕಟ್ಟುತ್ತಿದ್ದ ಕೀ ಕೊಡುವ ಎಚ್‌ಎಂಟಿ ಜನತಾ, ಇನ್ನೊಂದು ಸೆಲ್ಲಿನ ಕ್ವಾರ್ಟ್ಸ್. ಮಲೆಮಹದೇಶ್ವರ ಬೆಟ್ಟಕ್ಕೆ ಹೊರಟ ನೀವು ಯಾವುದನ್ನು ಕಟ್ಟಿಕೊಳ್ಳುವಿರಿ? ದಿನಬಳಕೆಗೆ ಯಾವುದು?

ಎಚ್‌ಎಂಟಿ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಜನತಾ ವಾಚಿನ ಜೀವಾಳ ಅದರ ತೋಲನ ಚಕ್ರ. ಕೂದಲೆಳೆಯಂಥ ಸ್ಪ್ರಿಂಗಿಗೆ ಕಟ್ಟಿದ ಈ ಪುಟ್ಟ ಚಕ್ರ ಆಚೀಚೆ ತೂಗುವಾಗ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5 ಬಡಿತಗಳಾಗುತ್ತವೆ. ದಿನಕ್ಕೆ 4,32,000! ಅವುಗಳಲ್ಲಿ ಕೇವಲ 100 ಬಡಿತ ಕಡಿಮೆಯಾದರೂ ವಾಚು 20 ಸೆಕೆಂಡು ಹಿಂದೆ ಬೀಳುತ್ತದೆ. ತಿಂಗಳಿಗೆ 10 ನಿಮಿಷ.

1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಮಾರಾಟಕ್ಕಿಟ್ಟ ಕ್ವಾರ್ಟ್ಸ್ ಕೈಗಡಿಯಾರ ಈ ಲೆಕ್ಕವನ್ನೇ ಬದಲಿಸಿತು. ನಮ್ಮ ನೆರೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ 1980ರ ದಶಕದಲ್ಲಿ ಅದನ್ನು ಇಲ್ಲಿ ಮನೆಮಾತಾಗಿಸಿತು. ಇಂದಿನ ಸಾಮಾನ್ಯ ಕ್ವಾರ್ಟ್ಸ್ ವಾಚಿನಲ್ಲಿ ಶ್ರುತಿಕವೆಯ ಆಕಾರದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡಿ ನೋಡಿ, ಒಂದು ಉಳಿಯುತ್ತದೆ! ವಾಚಿನೊಳಗಿನ ಮಂಡಲ ಮಾಡುವುದೂ ಅದನ್ನೇ: ಸೆಕೆಂಡಿಗೊಂದು ಮಿಡಿತ. ತಿಂಗಳಿಗೆ ತಪ್ಪು ಸುಮಾರು 15 ಸೆಕೆಂಡು.

ಬಸ್ಸಿನ ಕುಲುಕಾಟದಲ್ಲಿ ಏನಾಗುತ್ತದೆ? ತೋಲನ ಚಕ್ರದ ವೇಗ ನಮ್ಮ ಕೈ ಅಲುಗುವ ವೇಗಕ್ಕೆ ಹತ್ತಿರ. ಹೀಗಾಗಿ ಕುಲುಕಾಟ ಅದರ ತಾಳ ಕೆಡಿಸಬಲ್ಲದು. ಹರಳಿನ ಕಂಪನ ಅದಕ್ಕಿಂತ ಸಾವಿರಾರು ಪಟ್ಟು ವೇಗವಾದ್ದರಿಂದ ಈ ತೊಂದರೆ ಅದಕ್ಕಿಲ್ಲ. ಬಿಳಿಗಿರಿರಂಗನ ಬೆಟ್ಟದ ಚಳಿಯಲ್ಲಿ ಹರಳಿನ ಉಷ್ಣತೆ 25 ಡಿಗ್ರಿಯಿಂದ 15ಕ್ಕೆ ಇಳಿದರೂ ದಿನಕ್ಕೆ ಸೆಕೆಂಡಿನ ಮೂರನೇ ಒಂದು ಭಾಗವಷ್ಟೇ ವ್ಯತ್ಯಾಸ. ಆದರೆ ಸೆಲ್ ಮುಗಿದರೆ ವಾಚು ದಾರಿಯಲ್ಲೇ ನಿಲ್ಲುತ್ತದೆ. ಜನತಾಗೆ ದಿನಕ್ಕೊಮ್ಮೆ ಕೀ ಕೊಟ್ಟರಾಯಿತು.

ಹಾಗಾದರೆ ಪ್ರಯಾಣಕ್ಕೆ, ಸೆಲ್ ಹಾಕಿಸಿದ ದಿನಾಂಕ ಬರೆದಿಟ್ಟುಕೊಂಡ ಕ್ವಾರ್ಟ್ಸ್ ಮೇಲು. ದಿನಬಳಕೆಗೆ ಹಳೆಯ ಜನತಾವನ್ನು ಕೈಬಿಡಬೇಕಿಲ್ಲ; ಮೊದಲು ಪರೀಕ್ಷಿಸಿ. ನಿತ್ಯ ಒಂದೇ ಹೊತ್ತಿಗೆ ಕೀ ಕೊಟ್ಟು, ಮೊಬೈಲಿನ ಸಮಯದೊಡನೆ ಹೋಲಿಸಿ, ವ್ಯತ್ಯಾಸವನ್ನು ಹತ್ತು ದಿನ ಬರೆಯಿರಿ. ಅದು ದಿನಕ್ಕೆ ಒಂದೇ ಸಮನಾಗಿ ಬೆಳೆದರೆ ವಾಚು ಆರೋಗ್ಯವಾಗಿದೆ. ರಿಪೇರಿಯವರು ಒಳಗಿನ ಸಣ್ಣ ಸನ್ನೆಯನ್ನು ಸರಿಸಿ ತಿದ್ದಬಲ್ಲರು. ಒಂದು ದಿನ ಮುಂದೆ, ಮರುದಿನ ಹಿಂದೆ ಹೋದರೆ ಎಣ್ಣೆ ಒಣಗಿರಬಹುದು, ಧೂಳು ಸೇರಿರಬಹುದು. ಬಿಚ್ಚಿ ತೊಳೆಸಬೇಕು.

ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಹೊಸ ಬಿಡಿಭಾಗ ಸಿಗುವುದು ಕಷ್ಟವಾದಷ್ಟೂ ಹಳೆಯದನ್ನು ಕೆಡದಂತೆ ಕಾಯುವುದು ಮುಖ್ಯವಾಗುತ್ತದೆ. ಪೆಟ್ಟಿಗೆಯಲ್ಲಿ ನಿಂತುಹೋಗಿರುವ ಜನತಾ ನಿಮ್ಮ ಮನೆಯಲ್ಲೂ ಇದ್ದರೆ, ಅದನ್ನು ತೊಳೆದು ಎಣ್ಣೆ ಹಾಕಬಲ್ಲ ಕೈಗಳು ನಿಮ್ಮೂರಿನ ಪೇಟೆಯಲ್ಲಿ ಇರುವಾಗಲೇ ತೆಗೆದುಕೊಂಡು ಹೋಗಿ.