ಮಲೆನಾಡಿನ ಬಸಿರು ಮತ್ತು ಆಸ್ಪತ್ರೆಯ ದಾರಿ

ಶೃಂಗೇರಿಗೆ ಹೋದವರು ತುಂಗಾ ತೀರದ ಮೆಟ್ಟಿಲುಗಳ ಬಳಿ ಒಂದು ಪುಟ್ಟ ಶಿಲ್ಪವನ್ನು ನೋಡಿರುತ್ತಾರೆ. 'ಕಪ್ಪೆ ಶಂಕರ' ಎಂದು ಅದರ ಹೆಸರು. ಬಿರುಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಅದರ ಹುಟ್ಟು ವೈರಿಯಾದ ಸರ್ಪವೇ ಹೆಡೆ ಬಿಚ್ಚಿ ನೆರಳು ಮಾಡಿತ್ತೆಂದೂ, ಅದನ್ನು ಕಂಡ ಶಂಕರಾಚಾರ್ಯರು ಪೀಠ ಸ್ಥಾಪನೆಗೆ ಇದೇ ತಕ್ಕ ಸ್ಥಳವೆಂದು ನಿಶ್ಚಯಿಸಿದರೆಂದೂ ಐತಿಹ್ಯ ಹೇಳುತ್ತದೆ. ವೈರವಿಲ್ಲದ ನೆಲದ ಮಹಿಮೆಯನ್ನು ಹೇಳಲು ನಾವು ಈ ಕಥೆಯನ್ನು ಬಳಸುತ್ತೇವೆ. ಆದರೆ ಅದರೊಳಗೆ ಇನ್ನೊಂದು ಸರಳ ಮಾತೂ ಇದೆ: ಹೆರುವ ಜೀವದ ಹತ್ತಿರ ಆ ಹೊತ್ತಿಗೆ ಯಾರಾದರೂ ಇರಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ 'ಹತ್ತಿರ' ಎಂಬುದೇ ದೊಡ್ಡ ಪ್ರಶ್ನೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ. ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಮಗ್ಗುಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸಂಕಗಳ ಪಾಡೇನು ಎಂಬುದನ್ನು ಊಹಿಸಬಹುದು. ಇಂಥ ನಾಡಿನಲ್ಲಿ ಹೆರಿಗೆಗೆ ಸಿದ್ಧವಾಗುವುದು ಎಂದರೇನು, ಒಂದು ಶತಮಾನದಲ್ಲಿ ಅದು ಹೇಗೆ ಬದಲಾಯಿತು ಎಂಬುದು ಮಲೆನಾಡಿನ ಇತಿಹಾಸದ ಒಂದು ಮುಖ್ಯ ಅಧ್ಯಾಯ. ಅದನ್ನು ಬರೆದಿಟ್ಟವರು ಮಾತ್ರ ಕಡಿಮೆ.

ತವರಿನ ಕೋಣೆ

ಕುವೆಂಪು ಅವರ ಊರು ಯಾವುದೆಂದು ಕೇಳಿದರೆ ಎಲ್ಲರೂ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಎನ್ನುತ್ತಾರೆ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವ ಪದ್ಧತಿಯೇ ಆ ಕಾಲದ ಹೆರಿಗೆ ತಯಾರಿಯ ಮೊದಲ ಹೆಜ್ಜೆಯಾಗಿತ್ತು. ಸೀಮಂತ, ಬಳೆ ತೊಡಿಸುವುದು, ಬಯಕೆ ಊಟ ಇವೆಲ್ಲ ಆದ ಮೇಲೆ ಹುಡುಗಿ ಗಾಡಿಯಲ್ಲೋ, ಕಾಲ್ನಡಿಗೆಯಲ್ಲೋ ತಾಯಿಯ ಮನೆ ಸೇರುತ್ತಿದ್ದಳು. ಶಾಸ್ತ್ರದ ಹಿಂದೆ ವ್ಯವಹಾರಜ್ಞಾನವೂ ಇತ್ತು. ನೋವು ಬಂದ ಮೇಲೆ ದಾರಿ ಹಿಡಿಯುವುದಲ್ಲ, ನೋವು ಬರುವ ಮೊದಲೇ ಸೇರಬೇಕಾದಲ್ಲಿ ಸೇರಿರಬೇಕು.

ತವರಿನಲ್ಲಿ ಅಷ್ಟರೊಳಗೆ ಒಂದು ಕೋಣೆ ಬಿಡುವಾಗಿರುತ್ತಿತ್ತು. ಮಳೆಗಾಲದ ಹೆರಿಗೆಯಾದರೆ ಬೇಸಿಗೆಯಲ್ಲೇ ಒಣ ಸೌದೆ ಕೂಡಿಡಬೇಕು. ಬಾಣಂತಿಗೆ ದಿನವೂ ಹಂಡೆ ತುಂಬ ಬಿಸಿನೀರು, ಮಗುವಿನ ಬಟ್ಟೆ ಒಣಗಿಸಲು ಕೆಂಡ ಬೇಕಲ್ಲ. ಹಳೆಯ ಸೀರೆಗಳನ್ನು ಒಗೆದು ಹರಿದು ಮಡಚಿಡಬೇಕು. ಒಣಶುಂಠಿ, ಕರಿಮೆಣಸು, ಬಜೆ, ಅರಿಶಿನ, ಬೆಲ್ಲ, ತುಪ್ಪ ಹೊಂದಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸೂಲಗಿತ್ತಿಗೆ ತಿಂಗಳ ಮೊದಲೇ ಹೇಳಿಡಬೇಕು.

ಸೂಲಗಿತ್ತಿಗೆ ಓದು ಬರಹ ಇರುತ್ತಿರಲಿಲ್ಲ, ಕೈಯಲ್ಲಿ ಅನುಭವವಿತ್ತು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ಇದೆಯೆಂದು ಹೇಳಬಲ್ಲವಳಾಗಿದ್ದಳು. ನೋವು ತಿನ್ನುವವಳನ್ನು ನಡೆದಾಡಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ, ಬೆನ್ನು ನೀವಿ ಧೈರ್ಯ ಹೇಳುತ್ತಿದ್ದಳು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡು ಗುರುತಿಸಿ 2018ರಲ್ಲಿ ಪದ್ಮಶ್ರೀ ಸಂದಾಗ, ಹೆಸರಿಲ್ಲದೆ ಹೋದ ಇಂಥ ಸಾವಿರಾರು ಹೆಂಗಸರಿಗೂ ಅದು ಸಂದಿತೆನ್ನಬೇಕು.

ಆದರೆ ಹಳೆಯದನ್ನೆಲ್ಲ ಹೊಗಳುವುದೂ ಅನ್ಯಾಯವೇ. ಮಗು ಅಡ್ಡ ಬಂದರೆ, ರಕ್ತ ನಿಲ್ಲದಿದ್ದರೆ, ಬಾಣಂತಿಗೆ ಸನ್ನಿ ಹಿಡಿದರೆ ಆ ಕೋಣೆಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹೊಕ್ಕುಳು ಕೊಯ್ದ ಕುಡುಗೋಲಿನಿಂದ, ಮೇಲೆ ಹಚ್ಚಿದ ಬೂದಿಯಿಂದ ಮಗುವಿಗೆ ಧನುರ್ವಾಯು ತಗಲುತ್ತಿತ್ತು. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದೂ ಇತ್ತು. ಇದರ ಜೊತೆಗೆ ಮಲೆನಾಡಿನ ಮಲೇರಿಯಾ. ಈ ಜ್ವರ ಬಸುರಿಯ ರಕ್ತವನ್ನು ಬಸಿಯುತ್ತದೆ. ದಿನ ತುಂಬದ ಹೆರಿಗೆ, ಸತ್ತು ಹುಟ್ಟುವ ಮಗು, ತೂಕವಿಲ್ಲದ ಮಗು ಇವು ಅದರ ಫಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯಲ್ಲಿ ಮೈಸೂರು ಸರ್ಕಾರ ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ಹಾಕಿಕೊಂಡದ್ದು ಈ ಸೀಮೆಯ ರೋಗ ಮತ್ತು ಜನಕ್ಷಯವನ್ನು ಕಂಡೇ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆಮನೆಗೂ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಜ್ವರ ಇಳಿಯಿತು. ಬಸುರಿಯರಿಗೆ ಅದರಿಂದಾದ ಉಪಕಾರ ದೊಡ್ಡದು.

ಆಸ್ಪತ್ರೆ ಬಂದ ಬಗೆ

ಆಸ್ಪತ್ರೆಯಲ್ಲಿ ಹೆತ್ತರೆ ಕ್ಷೇಮ ಎಂಬ ಮಾತು ಇಂದು ನಮಗೆ ಸಹಜ. ಒಂದು ಕಾಲದಲ್ಲಿ ಯುರೋಪಿನಲ್ಲೇ ಅದು ಸುಳ್ಳಾಗಿತ್ತು. ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ವೈದ್ಯ ವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಸೂಲಗಿತ್ತಿಯರ ವಿಭಾಗಕ್ಕಿಂತ ಎಷ್ಟೋ ಹೆಚ್ಚು. ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆಂಬುದನ್ನು ಗುರುತಿಸಿದ ಡಾ. ಸೆಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಆಸ್ಪತ್ರೆಯನ್ನು ಕ್ಷೇಮದ ಜಾಗವಾಗಿ ಮಾಡಿದ್ದು ಕಟ್ಟಡವಲ್ಲ, ತೊಳೆದ ಕೈ.

ಭಾರತದಲ್ಲಿ ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರಕಿಸುವ ಉದ್ದೇಶದ ಡಫರಿನ್ ನಿಧಿ ಶುರುವಾದದ್ದು 1885ರಲ್ಲಿ. ಮೈಸೂರಿನಲ್ಲಿ 1906ರಲ್ಲಿ ಮಿಷನ್‌ನವರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಬೆಂಗಳೂರಿನಲ್ಲಿ 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ ಬಂದವು. ಇವೆಲ್ಲ ಘಟ್ಟದಂಚಿನ ಹಳ್ಳಿಗೆ ಕೇಳಿದ ಹೆಸರುಗಳಷ್ಟೆ. ಹಳ್ಳಿಯ ಬಾಗಿಲಿಗೆ ಬಂದದ್ದು ಸ್ವಾತಂತ್ರ್ಯಾನಂತರದ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಅದರ ದಾದಿ. ಬಯಲಿನಲ್ಲಿ 5,000 ಜನಕ್ಕೊಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3,000ಕ್ಕೊಂದು ಎಂಬ ನಿಯಮವಾಯಿತು. ಸೂಲಗಿತ್ತಿಯರಿಗೂ ತರಬೇತಿ ಕೊಟ್ಟು ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುದ್ಧ ದಾರ ಎಂಬ ಪಾಠ ಹೇಳಲಾಯಿತು.

ಓದು ಬಲ್ಲ ಹೆಂಗಸರಿಗೆ ಇನ್ನೊಬ್ಬ ಸೂಲಗಿತ್ತಿ ಪುಸ್ತಕದ ರೂಪದಲ್ಲಿ ಬಂದರು. ನೆರೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಅವರು 'ತಾಯಿ–ಮಗು', 'ದಾಂಪತ್ಯ ದೀಪಿಕೆ'ಯಂಥ ಕೃತಿಗಳಲ್ಲಿ ಬಸಿರು, ಬಾಣಂತನಗಳನ್ನು ನಾಚಿಕೆಯಿಲ್ಲದೆ, ಮನೆಯ ಕನ್ನಡದಲ್ಲಿ ವಿವರಿಸಿದರು. ಅತ್ತೆಯನ್ನು ಕೇಳಲು ಅಂಜುತ್ತಿದ್ದ ಎಷ್ಟೋ ಸೊಸೆಯರು ಅವರ ಪುಸ್ತಕವನ್ನು ಕೇಳಿದರು.

ಆದರೂ ಬದಲಾವಣೆ ನಿಧಾನವೇ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 38 ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2005–06ಕ್ಕೆ ಅದು 65 ಆಯಿತು, 2015–16ಕ್ಕೆ 94, 2019ರ ಸಮೀಕ್ಷೆಯಲ್ಲಿ 97. ನಡುವಿನ ಈ ಜಿಗಿತಕ್ಕೆ ಕಾರಣಗಳು ಹಲವು: 2005ರ ಜನನಿ ಸುರಕ್ಷಾ ಯೋಜನೆ, ಊರೂರಿನ ಆಶಾ ಕಾರ್ಯಕರ್ತೆಯರು, 2008ರ ನವೆಂಬರ್‌ನಲ್ಲಿ ಶುರುವಾದ 108 ಆಂಬುಲೆನ್ಸ್. ರಾಜ್ಯ ಸರ್ಕಾರ 2007ರಲ್ಲಿ ತಂದ 'ಮಡಿಲು' ಚೀಲದಲ್ಲಿ ಸೊಳ್ಳೆ ಪರದೆ, ಕಂಬಳಿ, ಸಾಬೂನು, ಎಣ್ಣೆಗಳ ಜೊತೆ ಬಾಣಂತಿ ಹೊಟ್ಟೆಗೆ ಸುತ್ತಿಕೊಳ್ಳುವ ಬಟ್ಟೆಯೂ ಇತ್ತು. ಅಜ್ಜಿಯ ಹಳೆ ಸೀರೆಯ ತುಂಡನ್ನು ಸರ್ಕಾರವೇ ಒಪ್ಪಿಕೊಂಡ ಹಾಗೆ! ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿಯಿತು. ಯಾವ ಹಳೆಯ ನೆನಪಿನ ಸೊಗಸೂ ಈ ಅಂಕಿಯ ಎದುರು ನಿಲ್ಲಲಾರದು.

ಎರಡು ಗಂಟೆಯ ಲೆಕ್ಕ

ಹಾಗಾದರೆ ಪ್ರಶ್ನೆ ಮುಗಿಯಿತೇ? ಮಲೆನಾಡಿನಲ್ಲಿ ಇಲ್ಲ. ಪ್ರಸೂತಿ ತಜ್ಞರು ಬಳಸುವ ಒಂದು ಹಳೆಯ ಲೆಕ್ಕವಿದೆ. ಚಿಕಿತ್ಸೆ ಸಿಗದಿದ್ದರೆ ತಾಯಿಯ ಜೀವಕ್ಕೆ ಸರಾಸರಿ ಎಷ್ಟು ಹೊತ್ತಿನ ಅವಕಾಶವಿದೆ ಎಂಬುದರ ಅಂದಾಜು ಅದು. ಸೋಂಕಿನ ಜ್ವರವಾದರೆ ಆರು ದಿನ. ಮಗು ಸಿಕ್ಕಿಕೊಂಡರೆ ಮೂರು ದಿನ. ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಎರಡು ದಿನ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಎರಡೇ ಗಂಟೆ.

ಈ ಎರಡು ಗಂಟೆಯನ್ನು ಮಲೆನಾಡಿನ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಶೃಂಗೇರಿಯಿಂದ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರು ಸುಮಾರು 90 ಕಿಲೋಮೀಟರ್, ಅದೂ ತಿರುವುಗಳ ರಸ್ತೆ. ಕೊಪ್ಪದವರು ತೀರ್ಥಹಳ್ಳಿಯ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾರೆ. ನರಸಿಂಹರಾಜಪುರದವರಿಗೂ ಶಿವಮೊಗ್ಗವೇ ಸಮೀಪ. ಶೃಂಗೇರಿಯವರು ಆಗುಂಬೆಯ 14 ತಿರುವುಗಳನ್ನು ಇಳಿದು ಉಡುಪಿ, ಮಣಿಪಾಲ ಸೇರುತ್ತಾರೆ. 1956ರವರೆಗೆ ಘಟ್ಟದ ಕೆಳಗಿನದು ಬೇರೆ ರಾಜ್ಯವಾಗಿತ್ತು, ಆದರೂ 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಘಟ್ಟದ ಮೇಲಿನ ರೋಗಿಗಳು ಆ ದಾರಿ ಹಿಡಿದರು. ನರಸಿಂಹರಾಜಪುರದ ಕಡೆಯ ಕೆಲವು ಹಳ್ಳಿಗಳಿಗೆ ಭದ್ರಾ ಹಿನ್ನೀರು ಅಡ್ಡ. ಮಳೆಗಾಲದಲ್ಲಿ ಮರ ಉರುಳಿದರೆ, ಗುಡ್ಡ ಜರಿದರೆ, ಫೋನು ಸಿಗದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಶೃಂಗೇರಿಯ ಜನ ಈಚಿನ ವರ್ಷಗಳಲ್ಲಿ 100 ಹಾಸಿಗೆಯ ಸರ್ಕಾರಿ ಆಸ್ಪತ್ರೆ ಬೇಕೆಂದು ಹೋರಾಟಕ್ಕಿಳಿದದ್ದು ಈ ಲೆಕ್ಕದ ಅರಿವಿನಿಂದಲೇ.

ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು 1994ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳನ್ನು ಗುರುತಿಸಿತು. ಹೋಗೋಣವೆಂದು ತೀರ್ಮಾನಿಸುವಲ್ಲಿ ಒಂದು, ದಾರಿಯಲ್ಲಿ ಇನ್ನೊಂದು, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಮತ್ತೊಂದು. ಮೊದಲನೆಯದನ್ನು ಮನೆಯವರು ಕಳೆಯಬಹುದು, ಎರಡನೆಯದನ್ನು ಮೊದಲೇ ಯೋಚಿಸಿ ತಗ್ಗಿಸಬಹುದು. ಮೂರನೆಯದು ಆಸ್ಪತ್ರೆಯ ಹೊಣೆ.

ಗಿಜಿಗುಡುವ ವಾರ್ಡು

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದರೆ ಈ ಮೂರನೆಯ ವಿಳಂಬದ ಅರ್ಥ ಹೊಳೆಯುತ್ತದೆ. ಸಿಸ್ಟರ್‌ಗಳು ಕೆಲವರೇ, ಕರೆಯುವವರು ಹಲವರು. ಹೆರಿಗೆ ತಜ್ಞೆ ಇದ್ದರೂ ಅರಿವಳಿಕೆ ವೈದ್ಯರು ರಜೆಯಲ್ಲಿದ್ದರೆ ಸಿಸೇರಿಯನ್ ಆಗದು; ಇಬ್ಬರೂ ಇದ್ದು ರಕ್ತವಿಲ್ಲದಿದ್ದರೂ ಕಷ್ಟ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಅಸುನೀಗಿದಾಗ, ಬಾಗಿಲು ದಾಟಿ ಒಳಗೆ ಹೋದ ಮಾತ್ರಕ್ಕೆ ಕ್ಷೇಮವಲ್ಲವೆಂಬ ಹಳೆಯ ಪಾಠ ಮತ್ತೆ ನೆನಪಾಯಿತು.

ಹೀಗಿರುವಾಗ ತಯಾರಿ ಎಂದರೆ ಬ್ಯಾಗು ಕಟ್ಟುವುದಷ್ಟೇ ಅಲ್ಲ. ಬಟ್ಟೆ, ಬಿಸಿನೀರಿನ ಫ್ಲಾಸ್ಕು ಹೇಗೂ ಇರುತ್ತವೆ. ಮರೆಯುವುದು ಬೇರೆಯವು. ತಾಯಿ ಕಾರ್ಡು ಕೈಯಲ್ಲಿರಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಹೆರಿಗೆಯ ತೊಡಕು ಎಲ್ಲವೂ ಅದರಲ್ಲಿ ಬರೆದಿರಬೇಕು. ಅದೇ ಗುಂಪಿನ ರಕ್ತ ಕೊಡಬಲ್ಲ ಇಬ್ಬರ ಹೆಸರು ಗೊತ್ತಿರಬೇಕು. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿರಬೇಕು, ಏಕೆಂದರೆ ರಕ್ತಹೀನಳಾದವಳಿಗೆ ಎರಡು ಗಂಟೆಯೂ ಸಿಗುವುದಿಲ್ಲ. ರಕ್ತ ಕಾಣಿಸುವುದು, ನೀರು ಒಡೆಯುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಮುಖ ಊದುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಜ್ವರ ಇವುಗಳಲ್ಲಿ ಯಾವುದು ಕಂಡರೂ 'ಬೆಳಗಾಗಲಿ, ನೋಡೋಣ' ಎನ್ನಬಾರದು. ರಾತ್ರಿ ಬರುವ ಜೀಪು ಯಾರದು, ಯಜಮಾನರು ಊರಿನಲ್ಲಿಲ್ಲದಿದ್ದರೆ ಹೊರಡಲು ಹೇಳುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಆಸ್ಪತ್ರೆ ನಮ್ಮಿಂದ ಕಿತ್ತುಕೊಂಡದ್ದು ಒಂದಿತ್ತು, ಜೊತೆಯವರನ್ನು. ಹೆರಿಗೆ ಕೋಣೆಯ ಬಾಗಿಲು ಮುಚ್ಚಿ ಅಮ್ಮನನ್ನು ಹೊರಗೆ ನಿಲ್ಲಿಸುವುದೇ ಬಹುಕಾಲ ರೂಢಿಯಾಗಿತ್ತು. ಆದರೆ ಬೇಕೆನಿಸಿದವರೊಬ್ಬರು ಪಕ್ಕದಲ್ಲಿರುವುದು ಹೆರುವವಳಿಗೆ ಒಳ್ಳೆಯದು, ಬೇಕಾದ ಭಂಗಿಯಲ್ಲಿ ಇರಲು ಬಿಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗದರ್ಶಿಯಲ್ಲಿ ಹೇಳಿದೆ. ಕೇಂದ್ರ ಸರ್ಕಾರ 2017ರಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮವೂ ಹೆರಿಗೆ ಸಂಗಾತಿಯನ್ನು ಒಪ್ಪಿದೆ. ಸೂಲಗಿತ್ತಿ ಬೆನ್ನು ನೀವುತ್ತಿದ್ದುದರಲ್ಲಿ ವಿಜ್ಞಾನವೂ ಇತ್ತೆಂದು ಈಗ ಒಪ್ಪಿದಂತಾಯಿತು. ಅಮ್ಮನೋ ಅಕ್ಕನೋ ಒಳಗಿರಬಹುದೇ ಎಂದು ತಪಾಸಣೆಗೆ ಹೋದಾಗಲೇ ಕೇಳಿಕೊಳ್ಳುವುದು ಹಕ್ಕಿನ ಮಾತು, ಸಂಕೋಚದ್ದಲ್ಲ.

ದೂರದ ಹಳ್ಳಿಗಳಿಗಾಗಿ ಆಸ್ಪತ್ರೆಯ ಸಮೀಪದಲ್ಲೇ 'ಕಾಯುವ ಮನೆ'ಗಳಿರಲಿ, ದಿನ ಹತ್ತಿರ ಬಂದ ಬಸುರಿಯರು ಅಲ್ಲಿಯೇ ತಂಗಲಿ ಎಂಬ ಸಲಹೆ ಹಲವು ದೇಶಗಳಲ್ಲಿ ಕಾರ್ಯಗತವಾಗಿದೆ. ಮಲೆನಾಡಿನ ಕುಟುಂಬಗಳು ಇದನ್ನು ತಮ್ಮದೇ ರೀತಿಯಲ್ಲಿ ಮಾಡಿಕೊಳ್ಳುವುದುಂಟು. ತವರು ಹೊಳೆಯಾಚೆ ಇದ್ದರೆ ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಯೋ ಅತ್ತಿಗೆಯ ಮನೆಯೋ ಕೊನೆಯ ಹದಿನೈದು ದಿನ ತವರಾಗುತ್ತದೆ. ಚಿಕ್ಕಮ್ಮನಿಲ್ಲದವರಿಗೆ, ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ, ಕಾಡಂಚಿನ ಹಾಡಿಯವರಿಗೆ ಅಂಥ ಒಂದು ಮನೆಯನ್ನು ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೇ ಒದಗಿಸಿದರೆ ತಪ್ಪೇನು? ನಾಲ್ಕು ಹಾಸಿಗೆ, ಒಂದು ಒಲೆ, ಒಬ್ಬ ದಾದಿ ಸಾಕು. ಮಳೆಗಾಲ ಶುರುವಾಗುವ ಮೊದಲು ಅದು ಸಿದ್ಧವಿರಬೇಕು, ಅಷ್ಟೆ.