ಕಿಟಕಿ ಗಾಜಿನ ಗುರುತು: ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಗ ಏಳುತ್ತಿರುವ ಮನೆಗಳಲ್ಲಿ ಮರದ ಕಿಟಕಿ ಕಡಿಮೆಯಾಗಿದೆ. ಅಲ್ಯೂಮಿನಿಯಂ ಅಥವಾ ಯುಪಿವಿಸಿ ಫ್ರೇಮ್, ಮೆಟ್ಟಿಲ ಬಳಿ ಆಳೆತ್ತರದ ಗಾಜು, ಬಾಲ್ಕನಿಗೂ ಗಾಜಿನದೇ ಕೈಪಿಡಿ. ದುಡ್ಡು ಗಲ್ಫ್‌ನಿಂದ ಬರುತ್ತದೆ, ಗಾಜು ಆರಿಸುವುದು ಊರಿನ ಕಂಟ್ರಾಕ್ಟರ್. 'ಟಫನ್ಡ್ ಗಾಜೇ ಹಾಕಿದ್ದು' ಅಂತ ಅವನು ಫೋನಿನಲ್ಲಿ ಹೇಳಿದರೆ ದುಬೈಯಲ್ಲಿರುವವರು ನಂಬುತ್ತಾರೆ. ಬರೀ ಮಾತನ್ನು ನಂಬಿ ಕೂರಬೇಕಾಗಿಲ್ಲ. ಗಾಜಿನ ಮೂಲೆಯ ಒಂದು ಫೋಟೊ ತರಿಸಿಕೊಂಡರೆ ಅರ್ಧ ವಿಷಯ ಗೊತ್ತಾಗುತ್ತದೆ.

ಸಾದಾ ಗಾಜು ಒಡೆದರೆ ಕತ್ತಿಯಂಥ ಉದ್ದ ಚೂರುಗಳಾಗುತ್ತವೆ. ಓಡಿ ಬಂದ ಮಗು ಗಾಜಿನ ಬಾಗಿಲಿಗೆ ಬಡಿದರೆ ಅಪಾಯ ಇರುವುದು ಆ ಚೂರಿನಲ್ಲಿ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಎರಡೂ ಬದಿಯಿಂದ ಗಾಳಿ ಊದಿ ಗಬಕ್ಕನೆ ತಣಿಸುತ್ತಾರೆ. ಇದು ಅದೇ ದಪ್ಪದ ಸಾದಾ ಗಾಜಿಗಿಂತ ಸುಮಾರು 4ರಿಂದ 5 ಪಟ್ಟು ಗಟ್ಟಿ. ಒಡೆದರೂ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ. ಲ್ಯಾಮಿನೇಟೆಡ್ ಗಾಜು ಬೇರೆ ತರ: ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ. ಒಡೆದ ಮೇಲೂ ಚೂರುಗಳು ಹಾಳೆಗೆ ಅಂಟಿಕೊಂಡೇ ನಿಲ್ಲುತ್ತವೆ. ಮೇಲಂತಸ್ತಿನ ಕೈಪಿಡಿಗೆ ಬರೀ ಟಫನ್ಡ್ ಸಾಲದು ಎನ್ನುವುದು ಇದಕ್ಕೇ. ಅದು ಪೂರ್ತಿ ಉದುರಿದರೆ ಅಲ್ಲಿ ತಡೆಯೇ ಇರುವುದಿಲ್ಲ.

ಈ ಎರಡೂ ಬಗೆಯ ಕಟ್ಟಡದ ಗಾಜಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಐಎಸ್ 2553, ಭಾಗ 1. ಭಾಗ 2 ವಾಹನಗಳ ಗಾಜಿನದು, ಅದನ್ನು ಮನೆಗೆ ತೋರಿಸಿದರೆ ಲೆಕ್ಕಕ್ಕಿಲ್ಲ. 2020ರಲ್ಲಿ ಕೇಂದ್ರ ಸರಕಾರ ಸುರಕ್ಷತಾ ಗಾಜಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿ ಐಎಸ್‌ಐ ಗುರುತನ್ನು ಕಡ್ಡಾಯದ ಪಟ್ಟಿಗೆ ಸೇರಿಸಿತು.

ಗುರುತು ಓದುವುದು ಕಷ್ಟವಲ್ಲ. ಐಎಸ್‌ಐ ಚಿಹ್ನೆಯ ಮೇಲೆ ಮಾನದಂಡದ ನಂಬರ್, ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಲೈಸೆನ್ಸ್ ಯಾವ ಕಂಪನಿಯದು, ಯಾವ ವಸ್ತುವಿಗೆ, ಈಗ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಚಿಹ್ನೆ ಇದ್ದು ನಂಬರ್ ಇಲ್ಲದಿದ್ದರೆ ಅದನ್ನು ಗುರುತು ಅಂತ ಎಣಿಸಬೇಡಿ. ಉಗುರಲ್ಲಿ ಕೆರೆದರೆ ಏಳುವ ಸ್ಟಿಕ್ಕರ್ ಕೂಡ ಹಾಗೆಯೇ, ಅದನ್ನು ಯಾವ ಗಾಜಿಗೂ ಅಂಟಿಸಬಹುದು.

ಇನ್ನೊಂದು ಸುಲಭ ಪರೀಕ್ಷೆ ಇದೆ. ಟಫನ್ಡ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ, ಪೂರ್ತಿ ಪುಡಿಯಾಗುತ್ತದೆ. ಅಳತೆ, ತೂತು ಎಲ್ಲ ಮುಗಿದ ಮೇಲೆಯೇ ಕುಲುಮೆಗೆ ಹೋಗುವುದು. 'ಅಳತೆ ಹೆಚ್ಚುಕಮ್ಮಿಯಾದರೆ ಇಲ್ಲೇ ಕಟ್ ಮಾಡಿ ಕೊಡ್ತೇವೆ' ಎಂದು ಯಾರಾದರೂ ಹೇಳಿದರೆ ಅದು ಟಫನ್ಡ್ ಅಲ್ಲ, ಅಷ್ಟೇ. ಪಳ್ಳಿ, ಮದ್ರಸ, ಮದುವೆ ಹಾಲ್‌ಗಳ ಕಮಿಟಿಯವರೂ ದೊಡ್ಡ ಗಾಜಿನ ಬಾಗಿಲು ಮಾಡಿಸುವಾಗ ಇದನ್ನು ನೆನಪಿಡಬೇಕು. ಜನ ನೂಕುವುದು ಅಲ್ಲೇ.

ಇಷ್ಟಾದರೂ ಗುರುತು ಗಾಜಿನದು ಮಾತ್ರ, ಇಡೀ ಕಿಟಕಿಯದ್ದಲ್ಲ. 'ಐಎಸ್‌ಐ ಕಿಟಕಿ' ಎಂದು ಮಾರುವವರು ಹೆಚ್ಚಾಗಿ ಗಾಜಿನ ಗುರುತನ್ನೇ ತೋರಿಸುತ್ತಾರೆ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ ಎನ್‌ಎಫ್‌ಆರ್‌ಸಿ ಎಂಬ ಸಂಸ್ಥೆಯ ಲೇಬಲ್ ಫ್ರೇಮ್, ಗಾಜು ಎರಡನ್ನೂ ಸೇರಿಸಿ ಇಡೀ ಕಿಟಕಿಗೆ ಅಂಕಿ ಕೊಡುತ್ತದೆ. ನಮ್ಮಲ್ಲಿ ಮನೆ ಕಟ್ಟುವವನ ಕೈಗೆ ಅಂಥ ಲೇಬಲ್ ಬರುವುದು ಅಪರೂಪ. ಆದ್ದರಿಂದ ಫ್ರೇಮ್ ಬಗ್ಗೆ ಬೇರೆಯೇ ಕೇಳಬೇಕು: ಅಲ್ಯೂಮಿನಿಯಂ 6063 ದರ್ಜೆಯದೇ, ಗೋಡೆಯ ದಪ್ಪ ಎಷ್ಟು ಮಿಲಿಮೀಟರ್, ಪೌಡರ್ ಕೋಟಿಂಗ್ ಎಷ್ಟು ಮೈಕ್ರಾನ್, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ? ಕಡಲ ಉಪ್ಪುಗಾಳಿ ಸೀದಾ ತಾಗುವ ನಮ್ಮ ಊರುಗಳಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಸ್ಕ್ರೂ, ರೋಲರ್‌ಗಳೇ.

ಸೆಕೆಯ ವಿಚಾರಕ್ಕೂ ಅಂಕಿಗಳಿವೆ. ಎಸ್‌ಎಚ್‌ಜಿಸಿ 0.25 ಅಂದರೆ ಗಾಜಿಗೆ ಬೀಳುವ ಬಿಸಿಲಿನ ಶಾಖದಲ್ಲಿ ಕಾಲು ಭಾಗ ಒಳಗೆ ಬರುತ್ತದೆ ಎಂದರ್ಥ. ಯು ವ್ಯಾಲ್ಯೂ ಕಡಿಮೆ ಇದ್ದಷ್ಟು ಒಳಗೂ ಹೊರಗೂ ಶಾಖ ಹಾಯುವುದು ಕಡಿಮೆ. ವಿಎಲ್‌ಟಿ ಎಂದರೆ ಒಳಗೆ ಬರುವ ಬೆಳಕಿನ ಪ್ರಮಾಣ. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಬಂದು 2017ರಲ್ಲಿ ಪರಿಷ್ಕರಣೆಯಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿ ಈ ಅಂಕಿಗಳಿಗೆ ಮಿತಿ ಹಾಕಲಾಗಿದೆ. ವಸತಿ ಕಟ್ಟಡಗಳಿಗೆ 2018ರ ಇಕೋ ನಿವಾಸ್ ಸಂಹಿತಾ ಇದೆ. ಅದರ ವ್ಯಾಪ್ತಿ 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳಿಗೆ, ಜಾರಿ ರಾಜ್ಯಗಳ ಕೈಯಲ್ಲಿ. ಚಿಕ್ಕ ಮನೆಯವರಿಗೆ ಅನ್ವಯಿಸದಿದ್ದರೂ ಅದರ ಒಂದು ಲೆಕ್ಕ ಎಲ್ಲರಿಗೂ ಉಪಯೋಗ. ಕರಾವಳಿಯಂಥ ಬಿಸಿ ಮತ್ತು ತೇವದ ಹವೆಗೆ ತೆರೆಯಬಹುದಾದ ಕಿಟಕಿ ಬಾಗಿಲುಗಳ ಜಾಗ ಕಾರ್ಪೆಟ್ ಏರಿಯಾದ ಕನಿಷ್ಠ 16.66 ಶೇಕಡಾ ಇರಬೇಕು ಎನ್ನುತ್ತದೆ. ಅಂದರೆ 1200 ಚದರ ಅಡಿಗೆ 200 ಚದರ ಅಡಿ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುವುದರಿಂದ ಅರ್ಧವನ್ನೇ ಲೆಕ್ಕ ಹಿಡಿಯಬೇಕು. ಚಂದಕ್ಕೆಂದು ಎಲ್ಲ ಕಡೆ ಸ್ಲೈಡಿಂಗ್, ಫಿಕ್ಸೆಡ್ ಗಾಜು ಇಟ್ಟು ಆಮೇಲೆ ಎಸಿಯ ಕರೆಂಟ್ ಬಿಲ್ ನೋಡಿ ತಲೆಗೆ ಕೈಯಿಡುವ ಮನೆಗಳು ಕಮ್ಮಿಯಿಲ್ಲ.

ಕೊನೆಗೆ ಬಿಲ್. ಜಿಎಸ್‌ಟಿ ಉಳಿಸಲು ಬಿಳಿ ಚೀಟಿಯಲ್ಲಿ ಬರೆಸಿಕೊಂಡರೆ ಮುಂದೆ ಜಗಳಕ್ಕೆ ಆಧಾರವೇ ಇರುವುದಿಲ್ಲ. ಬಿಲ್‌ನಲ್ಲಿ 'ಗ್ಲಾಸ್ ವಿಂಡೋ' ಎಂದಷ್ಟೇ ಇದ್ದರೂ ಸಾಲದು. ಗಾಜಿನ ಬಗೆ, ದಪ್ಪ, ಐಎಸ್ ನಂಬರ್, ಫ್ರೇಮಿನ ವಿವರ ಬರಬೇಕು. ಅಡ್ವಾನ್ಸ್ ಕೊಡುವ ಮೊದಲೇ ಕೊಟೇಶನ್‌ನಲ್ಲಿ ಇಷ್ಟನ್ನು ಬರೆಸಿಕೊಂಡರೆ ಒಳ್ಳೆಯದು.

ಗಡಿಯ ಈಚೆಗಿನವರಿಗೆ ಒಂದು ಅನುಕೂಲವಿದೆ. ಮಂಗಳೂರಿನಿಂದ ಕಿಟಕಿ ತರಿಸಿ ಮೋಸವಾದರೆ ಅಲ್ಲಿಗೇ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡಿನಲ್ಲೇ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ ಸಾಕು. ದೂರಿಗೆ ಕಾರಣವಾದ ಘಟನೆಯಿಂದ 2 ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ನಕಲಿ ಐಎಸ್‌ಐ ಗುರುತಿನ ದೂರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲೇ, ಗಾಜಿನ ಫೋಟೊ ಸಮೇತ ಕಳಿಸಬಹುದು.